ಅಂಗನವಾಡಿಯ ಗರ್ಭಿಣಿ ಸೇವೆ: ಪೊಟ್ಟಣಕ್ಕಿಂತ ತೂಕದ ಯಂತ್ರಕ್ಕೆ ಹೆಚ್ಚು ಅಂಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಹಳ್ಳಿಗಳಲ್ಲಿ ಹೆಣ್ಣೊಬ್ಬಳು ಗರ್ಭಿಣಿಯಾದಾಗ ಪೌಷ್ಟಿಕ ಆಹಾರದ ಹೆಸರಿನಲ್ಲಿ ಎರಡು ವಸ್ತುಗಳು ಮನೆಗೆ ಬರುತ್ತವೆ. ಪೇಟೆಯ ಔಷಧದಂಗಡಿಯಿಂದ ಬರುವ ಡಬ್ಬಿಯ ಹುಡಿ ಒಂದಾದರೆ, ಅಂಗನವಾಡಿಯಿಂದ ಬರುವ ಧಾನ್ಯದ ಪೊಟ್ಟಣ ಇನ್ನೊಂದು. ಎರಡನ್ನೂ ಬಳಸಿದವಳಾಗಿ ನಾನು ಇಲ್ಲಿ ಮುಖ್ಯವಾಗಿ ಅಂಗನವಾಡಿಯ ಸೇವೆಯನ್ನು ವಿಮರ್ಶಿಸುತ್ತಿದ್ದೇನೆ. ಅದು ಬಡವರಿಗೆ ಮಾತ್ರ ಎಂದು ಭಾವಿಸಿ ಹೆಸರನ್ನೇ ಬರೆಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ವಾಸ್ತವದಲ್ಲಿ ಈ ಪೂರಕ ಆಹಾರಕ್ಕೆ ಆದಾಯದ ಮಿತಿ ಇಲ್ಲ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಡಿಯಲ್ಲಿ ಗರ್ಭಿಣಿಗೂ ಬಾಣಂತಿಗೂ ದಿನಕ್ಕೆ 600 ಕಿಲೋ ಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಪ್ರೋಟೀನ್ ದೊರೆಯುವಷ್ಟು ಪೂರಕ ಆಹಾರ ಕೊಡಬೇಕೆಂಬ ನಿಯಮವಿದೆ. ಚೆನ್ನಾಗಿ ಉಣ್ಣುವ ಹೆಂಗಸಿಗೆ ಗರ್ಭಾವಸ್ಥೆಯಲ್ಲಿ ಹೆಚ್ಚುವರಿಯಾಗಿ ಬೇಕಾಗುವುದು ದಿನಕ್ಕೆ ಸುಮಾರು 350 ಕಿಲೋ ಕ್ಯಾಲೊರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ನಿಯಮದಲ್ಲಿ ಅದಕ್ಕಿಂತ ಹೆಚ್ಚು ಇರುವುದು ಸರಿಯೇ, ಏಕೆಂದರೆ ಬಸುರಿಯಾಗುವ ಮೊದಲೇ ಊಟ ಸಾಲದೆ ಇದ್ದವರ ಕೊರತೆಯನ್ನೂ ಅದು ತುಂಬಬೇಕು. ‘ಇಬ್ಬರಿಗಾಗಿ ಉಣ್ಣು’ ಎಂದು ತಟ್ಟೆ ತುಂಬಿಸುವವರಿಗೆ ಮಾತ್ರ ಆ 350ರ ಲೆಕ್ಕವನ್ನು ಹೇಳಬೇಕಾಗುತ್ತದೆ: ಒಂದು ಲೋಟ ಹಾಲು, ಒಂದು ಸಣ್ಣ ನೇಂದ್ರ ಬಾಳೆಹಣ್ಣು, ಒಂದು ಹಿಡಿ ಹೆಸರುಕಾಳಿನ ಉಸಲಿ ಸೇರಿದರೆ ಹೆಚ್ಚುಕಡಿಮೆ ಅಷ್ಟಾಯಿತು.

ನಮ್ಮ ವಾರ್ಡಿನಲ್ಲಿ ನನಗೆ ಸಿಕ್ಕ ಪೊಟ್ಟಣದಲ್ಲಿ ಗೋಧಿ ನುಚ್ಚು, ಹೆಸರುಕಾಳು ಮತ್ತು ಬೆಲ್ಲ ಇದ್ದವು. ನುಚ್ಚಿನ ಗುಣಮಟ್ಟ ಸಾಧಾರಣ. ಆರಿಸಿ, ಹುರಿದು ಬಳಸಬೇಕು. ಹೆಸರುಕಾಳು ಮಾತ್ರ ಅಂಗಡಿಯದಕ್ಕೆ ಕಡಿಮೆಯಿಲ್ಲದಂತಿತ್ತು, ಮತ್ತು ಇಡೀ ಪೊಟ್ಟಣದಲ್ಲಿ ನಿಜವಾಗಿ ಬೆಲೆಬಾಳುವ ವಸ್ತು ಅದೇ. 100 ಗ್ರಾಂ ಹೆಸರಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಪ್ರೋಟೀನೂ ಅಷ್ಟೇ ಆಗಿರುವುದರಿಂದ, ಕುಚ್ಚಿಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಎದ್ದುಹೋಗುವ ನಮ್ಮ ಅಭ್ಯಾಸಕ್ಕೆ ಒಂದು ಬಟ್ಟಲು ಬೇಯಿಸಿದ ಹೆಸರು ಸೇರಿದರೆ ಊಟದ ಸ್ವರೂಪವೇ ಬದಲಾಗುತ್ತದೆ. ಮೀನು ತಿನ್ನುವ ಮನೆಗಳಲ್ಲಿ ಬೂತಾಯಿ ಈ ಕೆಲಸವನ್ನು ಇನ್ನೂ ಸುಲಭವಾಗಿ ಮಾಡುತ್ತದೆ.

ತೊಂದರೆ ಇರುವುದು ಪೊಟ್ಟಣ ಮನೆ ತಲುಪಿದ ಮೇಲೆ. ಹೆಸರು ಮನೆಯವರೆಲ್ಲರ ಪಾಯಸಕ್ಕೆ ಹೋಗುತ್ತದೆ, ಬೆಲ್ಲ ಸಂಜೆಯ ಚಹಾಕ್ಕೆ ಹೋಗುತ್ತದೆ, ಗರ್ಭಿಣಿಯ ಪಾಲಿಗೆ ಬರುವುದು ಒಂದು ಸೌಟು. ನಮ್ಮ ಅಂಗನವಾಡಿ ಟೀಚರ್ ಈ ವಿಷಯವನ್ನು ಅತ್ತೆಯಂದಿರ ಎದುರಿನಲ್ಲಿಯೇ ಹೇಳಿ, ಪೊಟ್ಟಣಕ್ಕೆ ಬೇರೆಯೇ ಡಬ್ಬಿ ಇಡಿಸುತ್ತಿದ್ದರು. ಅವರ ಮಾತು ನಮ್ಮ ಮನೆಯಲ್ಲಿ ನಡೆಯಿತು; ಎಲ್ಲ ಮನೆಗಳಲ್ಲಿ ನಡೆಯುತ್ತದೆ ಎಂದು ನಾನು ಹೇಳಲಾರೆ. ಸಣ್ಣ ಮಕ್ಕಳಿರುವ ಮನೆಗಳಲ್ಲಿ ಅಮೃತಂ ನ್ಯೂಟ್ರಿಮಿಕ್ಸ್ ಪೊಟ್ಟಣವೂ ಬರುತ್ತದೆ. ನಮ್ಮ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಘಟಕಗಳು ತಯಾರಿಸುವ ಆ ಹುಡಿ ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಸೇರಿದ್ದು. ಬಸುರಿ ಅದನ್ನು ತಿಂದರೆ ಅಪಾಯವೇನಿಲ್ಲ, ಆದರೆ ಮಗುವಿನ ಪಾಲು ಅಷ್ಟು ಕಡಿಮೆಯಾಗುತ್ತದೆ.

ಆದರೂ ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಅಂಕ ಕೊಡುವುದು ಆಹಾರಕ್ಕಲ್ಲ, ತಿಂಗಳಿಗೊಮ್ಮೆ ತೂಕ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವ ಕ್ರಮಕ್ಕೆ. ಉಪಕೇಂದ್ರದ ನರ್ಸ್ ಬಂದ ದಿನ ಅದೇ ಯಂತ್ರದ ಮೇಲೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಚಪ್ಪಲಿ ಕಳಚಿ ನಿಲ್ಲಿಸುತ್ತಾರೆ. ಖಾಸಗಿ ವೈದ್ಯರಲ್ಲಿಗೆ ಹೋಗುವವರು ಒಮ್ಮೆ ಮಂಗಳೂರಿನಲ್ಲಿ, ಒಮ್ಮೆ ಕಾಸರಗೋಡಿನಲ್ಲಿ ಬೇರೆ ಬೇರೆ ಯಂತ್ರಗಳಲ್ಲಿ ತೂಕ ನೋಡಿಸಿಕೊಂಡು ಏರಿತೋ ಇಳಿಯಿತೋ ತಿಳಿಯದೆ ಗೊಂದಲಕ್ಕೆ ಬೀಳುವುದನ್ನು ನಾನು ಕಂಡಿದ್ದೇನೆ. ಸರಕಾರದ ಪ್ರಸವಪೂರ್ವ ಆರೈಕೆಯ ಮಾರ್ಗಸೂಚಿಯ ಪ್ರಕಾರ ಒಟ್ಟು ಏರಿಕೆ ಸಾಮಾನ್ಯವಾಗಿ 9ರಿಂದ 11 ಕಿಲೋ; ಮೊದಲ ಮೂರು ತಿಂಗಳು ಕಳೆದ ಮೇಲೆ ತಿಂಗಳಿಗೆ ಸುಮಾರು 2 ಕಿಲೋ. ಅದಕ್ಕಿಂತ ಕಡಿಮೆಯಾದರೆ ಊಟವನ್ನು ವಿಚಾರಿಸುತ್ತಾರೆ. ಒಂದೇ ತಿಂಗಳಲ್ಲಿ 3 ಕಿಲೋ ಮೀರಿದರೆ ರಕ್ತದೊತ್ತಡ, ಮಧುಮೇಹ ಅಥವಾ ಅವಳಿ ಮಕ್ಕಳ ಸಾಧ್ಯತೆಯನ್ನು ಪರೀಕ್ಷಿಸಲು ಕಳುಹಿಸುತ್ತಾರೆ. ಹಾಗಾಗಿ ತೂಕ ಏರಿದ ಮಾತ್ರಕ್ಕೆ ಸಂತೋಷಪಡುವಂತಿಲ್ಲ. ಮುಖ, ಕೈ ಊದಿ ತಲೆನೋವು ಬಂದರೆ ಅದನ್ನು ಪುಷ್ಟಿ ಎಂದು ತಿಳಿಯಬಾರದು.

ಎಲ್ಲರಿಗೂ ಒಂದೇ ಗುರಿ ಹೇಳುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. 150 ಸೆಂಟಿಮೀಟರ್ ಎತ್ತರದ, 41 ಕಿಲೋ ತೂಕದ ಹುಡುಗಿಯ ದೇಹ ತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಬಿಎಂಐ) 18.5ಕ್ಕಿಂತ ಕೆಳಗಿರುತ್ತದೆ, ಅಂದರೆ ಅವಳ ತೂಕ ಕಡಿಮೆ. ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಅಂಥವಳಿಗೆ 12.5ರಿಂದ 18 ಕಿಲೋ ಏರಿಕೆ ಸೂಕ್ತವೆಂದಿದ್ದರೆ, ಸೂಚ್ಯಂಕ 30 ದಾಟಿದವಳಿಗೆ 5ರಿಂದ 9 ಕಿಲೋ ಸಾಕು. ಮೊದಲ ತಪಾಸಣೆಯಲ್ಲಿ ಎತ್ತರವನ್ನೂ ಬರೆಸಿ, ನಿಮ್ಮ ಗುರಿ ಎಷ್ಟೆಂದು ವೈದ್ಯರನ್ನು ನೀವೇ ಕೇಳಿ.

ಡಬ್ಬಿಯ ಹುಡಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ವಾಂತಿಯ ದಿನಗಳಲ್ಲಿ ಬೇರೇನೂ ಸೇರದಿದ್ದಾಗ ಅದು ಹೊಟ್ಟೆಗೆ ಇಳಿಯಿತು, ರುಚಿಯೂ ಚೆನ್ನಾಗಿತ್ತು. ಲೇಬಲ್‌ನಲ್ಲಿ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ನಾನು ಕೊಂಡ ಡಬ್ಬಿಯಲ್ಲಿ ಸಕ್ಕರೆ ತೀರ ಮುಂದಿನ ಸಾಲಿನಲ್ಲಿತ್ತು. ಆ ಹಣಕ್ಕೆ ಹಾಲು, ಮೊಟ್ಟೆ, ನೆಲಗಡಲೆ ಕೊಂಡರೆ ಹೆಚ್ಚು ಲಾಭವೆಂಬುದು ನನ್ನ ಲೆಕ್ಕಾಚಾರ. ಹಾಲಿನಲ್ಲಿ ಕಲಸಿದ ಹುಡಿಯ ಜೊತೆಗೇ ಕಬ್ಬಿಣದ ಮಾತ್ರೆ ನುಂಗುವವರೂ ಇದ್ದಾರೆ. ಹಾಲಿನ ಸುಣ್ಣದ ಅಂಶ (ಕ್ಯಾಲ್ಸಿಯಂ) ದೇಹವು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ, ಚಹಾವೂ ಬಿಡುವುದಿಲ್ಲ. ಎರಡು ಗಂಟೆಯ ಅಂತರವಿಟ್ಟು, ಮಾತ್ರೆಯ ಜೊತೆ ಲಿಂಬೆಯ ನೀರು ಕುಡಿಯುವುದು ಒಳ್ಳೆಯದು. ಅರುವತ್ತು ಮಿಲಿಗ್ರಾಂ ಕಬ್ಬಿಣವಿರುವ ಈ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಸೇವಿಸಬೇಕು, ಮತ್ತು ಅದು ಉಚಿತವಾಗಿಯೇ ಸಿಗುತ್ತದೆ.

ಕೊರತೆಗಳೂ ಇವೆ. ನನಗೆ ಸಿಕ್ಕ ಕಾರ್ಡೂ ಗೋಡೆಯ ಆಹಾರಪಟ್ಟಿಯೂ ಮಲಯಾಳದಲ್ಲಿ ಮಾತ್ರ ಇದ್ದವು. ಟೀಚರ್ ಕನ್ನಡದಲ್ಲಿಯೂ ತುಳುವಿನಲ್ಲಿಯೂ ವಿವರಿಸಿದರೂ, ಕನ್ನಡ ಶಾಲೆಯಲ್ಲಿ ಓದಿದವಳು ಮನೆಗೆ ಬಂದು ಅದನ್ನು ಮತ್ತೊಮ್ಮೆ ಓದಿ ನೋಡುವಂತಿಲ್ಲ. ಪೊಟ್ಟಣ ಪಡೆಯಲು ಗುರುತಿಗಾಗಿ ಮೊಬೈಲಿನಲ್ಲಿ ಮುಖ ತೋರಿಸಬೇಕಾದಾಗ ನೆಟ್‌ವರ್ಕ್ ಹುಡುಕಿಕೊಂಡು ಅಂಗಳಕ್ಕೆ, ಅಲ್ಲಿಂದ ರಸ್ತೆಗೆ ಹೋಗಬೇಕಾಗುತ್ತಿತ್ತು. ಮಳೆಗಾಲದಲ್ಲಿ ತುಂಬು ಬಸುರಿಗೆ ಇದು ಸಣ್ಣ ಕಷ್ಟವಲ್ಲ.

ಹೆಸರು ಬರೆಸುವವರು ಆಧಾರ್ ಮತ್ತು ಬ್ಯಾಂಕ್ ಪುಸ್ತಕದೊಂದಿಗೆ ಮೊದಲ ಮೂರು ತಿಂಗಳೊಳಗೇ ಹೋಗುವುದು ಉತ್ತಮ. ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ನೀಡುವ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಅರ್ಜಿಯನ್ನೂ ಅಂಗನವಾಡಿಯಲ್ಲಿಯೇ ಕೊಡಬಹುದು. ಆಹಾರದ ಪೊಟ್ಟಣಕ್ಕಿಲ್ಲದ ಆದಾಯ ಮತ್ತಿತರ ಅರ್ಹತೆಯ ಷರತ್ತುಗಳು ಈ ಹಣಕ್ಕೆ ಇವೆ. ಅವನ್ನು ಟೀಚರ್ ಬಳಿ ಮೊದಲೇ ವಿಚಾರಿಸಿಕೊಳ್ಳಿ.