ಗುಲ್ಮಾರ್ಗ್ ಸ್ಕೀ ಟೂರಿಂಗ್: ಜನವರಿಯೋ, ಮಾರ್ಚೋ?

ಗುಲ್ಮಾರ್ಗ್‌ನ ಗೊಂಡೊಲಾದ (ಕೇಬಲ್ ಕಾರ್) ಎರಡನೇ ಹಂತ ಅಫರ್ವಟ್‌ ಬೆಟ್ಟದಲ್ಲಿ 3,950 ಮೀಟರ್ ಆಸುಪಾಸಿಗೆ ತಂದು ಬಿಡುತ್ತದೆ. ಇಳಿಜಾರು ಎರಡೂ ತಿಂಗಳಲ್ಲಿ ಅದೇ, ಹಿಮ ಮಾತ್ರ ಬೇರೆ.

ಜನವರಿಯಲ್ಲಿ ಪುಡಿಹಿಮ ಸೊಗಸು, ಆದರೆ ಹಿಮಕುಸಿತದ ಅಪಾಯ ಅಡಿಯಲ್ಲಿ ಅಡಗಿರುತ್ತದೆ. ಚಳಿಗಾಲದ ಆರಂಭದ ತೆಳು ಹಿಮದ ಬುಡ ಸೊನ್ನೆ ಡಿಗ್ರಿಯ ಹತ್ತಿರವಿದ್ದು ಮೇಲ್ಮೈ ಕೊರೆಯುವಾಗ, ಒಳಗೆ ಆವಿ ಮೇಲೇರಿ ಸಕ್ಕರೆಯಂಥ ಹರಳು ಬೆಳೆಯುತ್ತದೆ. ಮುಷ್ಟಿಯಲ್ಲಿ ಅದುಮಿ ನೋಡಿ: ಉಂಡೆ ಕಟ್ಟದೆ ಬೆರಳ ಸಂದಿಯಿಂದ ಉದುರುತ್ತದೆ. ಅದರ ಮೇಲೆ ಒಂದು ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಮಳೆ-ಹಿಮ ಹೊತ್ತು ಬರುವ ವಾಯುಭಾರ ಕುಸಿತ) ಅರ್ಧ ಮೀಟರ್ ಹಿಮ ಹೇರಿದರೆ, ಒಬ್ಬ ಸ್ಕೀಯರ್‌ನ ಭಾರಕ್ಕೇ ಮೇಲಿನ ಹಿಮವೆಲ್ಲ ಒಂದೇ ಹಲಗೆಯಂತೆ ಕಳಚಿ ಜಾರಬಹುದು. ಪರೀಕ್ಷಿಸಲು ಗುಂಡಿ ತೋಡಿ 30×30 ಸೆಂ.ಮೀ. ಹಿಮದ ಕಂಬ ಕತ್ತರಿಸಿ, ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಪದರ ಡ್ರಾಯರ್‌ನಂತೆ ಸರ್ರನೆ ಜಾರಿದರೆ 30 ಡಿಗ್ರಿ ಮೀರಿದ ಇಳಿಜಾರು ಅಂದು ಬೇಡವೇ ಬೇಡ. ಜಾರದಿದ್ದರೆ? ಹತ್ತು ಮೀಟರ್ ಆಚೆ ಫಲಿತಾಂಶ ಬೇರೆ ಬರಬಹುದು, ಹಾಗಾಗಿ ಅದೊಂದೇ ಪರವಾನಗಿಯಲ್ಲ.

ಮಾರ್ಚ್‌ನಲ್ಲಿ ಅಪಾಯ ಬಹುಮಟ್ಟಿಗೆ ಗಡಿಯಾರ ನೋಡಿ ಬರುತ್ತದೆ. ರಾತ್ರಿ ಹೆಪ್ಪುಗಟ್ಟಿದ್ದರೆ ಬೆಳಗ್ಗೆ ಗಟ್ಟಿ. ಬಿಸಿಲೇರಿ ಬೂಟು ಕಣಕಾಲವರೆಗೆ ಹೂತರೆ, ಹಿಮದುಂಡೆಗಳು ತಾವೇ ಉರುಳತೊಡಗಿದರೆ ತಕ್ಷಣ ಇಳಿಯಿರಿ. ರಾತ್ರಿ ಮೋಡ ಕವಿದು ಹೆಪ್ಪುಗಟ್ಟದಿದ್ದರೆ ಹೊರಡಲೇಬೇಡಿ.

ಮೊದಲ ಸಲದವರಿಗೆ ನಮ್ಮ ಆಯ್ಕೆ ಮಾರ್ಚ್. ಬೀಕನ್ (ಹೂತವರ ಜಾಗ ತೋರಿಸುವ ರೇಡಿಯೊ ಸಾಧನ), ಪ್ರೋಬ್ (ಹಿಮ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಎರಡೂ ತಿಂಗಳಿಗೆ ಬೇಕು, ಪ್ರತಿಯೊಬ್ಬರ ಬಳಿಯೂ. ಹೂತವರನ್ನು 15 ನಿಮಿಷದೊಳಗೆ ಹೊರತೆಗೆಯಬೇಕು.