ರೆಸಿನ್ ಬೊಂಬೆಗೆ ಕುಂಚದ ಬಣ್ಣ: ಮೂರರಲ್ಲಿ ಯಾವುದು?

ಏರ್‌ಬ್ರಶ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಇಟ್ಟುಕೊಂಡವರಿಗೆ ಈ ಹೋಲಿಕೆ ಬೇಕಿಲ್ಲ. 75 ಮಿ.ಮೀ. ಎತ್ತರದ ಸೈನಿಕನ ರೆಸಿನ್ ಕಿಟ್‌ಗೆ (ಅಚ್ಚಿನಲ್ಲಿ ಎರೆದ ಗಟ್ಟಿ ಪ್ಲಾಸ್ಟಿಕ್‌ನಂಥ ಬಿಡಿ ಭಾಗಗಳು, ನಾವೇ ಜೋಡಿಸಬೇಕು) ಕುಂಚದಿಂದಲೇ ಬಳಿಯಲು ಮೂರು ಬಗೆಯ ಬಣ್ಣ ತಂದೆ: ಸ್ಪೇನಿನ ವಯೆಹೊ ಮಾಡೆಲ್ ಕಲರ್ (ನೀರು ಬೆರೆಸುವ ಅಕ್ರಿಲಿಕ್), ಆಲ್ಕೊಹಾಲ್ ಮೂಲದ ಇನ್ನೊಂದು ಅಕ್ರಿಲಿಕ್, ಹಂಬ್ರಾಲ್‌ನ ಪುಟ್ಟ 14 ಮಿ.ಲೀ. ಡಬ್ಬಿಯ ಎನಾಮೆಲ್ (ಟರ್ಪೆಂಟೈನ್ ಬೆರೆಸುವ ಬಣ್ಣ). ಮೊದಲ ಪರೀಕ್ಷೆಯೆಲ್ಲ ಎರಕದಲ್ಲಿ ಭಾಗಗಳಿಗೆ ಅಂಟಿಕೊಂಡೇ ಬರುವ, ಕತ್ತರಿಸಿ ತೆಗೆದ ದಪ್ಪ ತುಂಡುಗಳ ಮೇಲೆ. ಬಿಸಾಡುವ ವಸ್ತುವಾದರೂ ಅದೂ ಅದೇ ರೆಸಿನ್ ತಾನೆ?

ಪೂರ್ವಸಿದ್ಧತೆ ಮೂರಕ್ಕೂ ಒಂದೇ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಭಾಗಗಳ ಮೇಲೆ ಉಳಿದಿರುತ್ತದೆ. ಪಾತ್ರೆ ಸೋಪು, ಹಳೇ ಟೂತ್‌ಬ್ರಶ್, ಉಗುರುಬೆಚ್ಚಗಿನ ನೀರು ಸಾಕು. ನೀರು ಬಿಸಿಯಾದರೆ ತೆಳು ಭಾಗ ಬಾಗುತ್ತದೆ. ಮರಳುಕಾಗದದಿಂದ ಉಜ್ಜುವುದಿದ್ದರೆ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡೇ ಉಜ್ಜಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ಬೂದು ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಮೊದಲು ಬಳಿಯುವ ಪದರ. ಅದಿಲ್ಲದಿದ್ದರೆ ನೀರಿನ ಅಕ್ರಿಲಿಕ್ ಉಗುರು ತಾಗಿದರೂ ಕಿತ್ತು ಬರುತ್ತದೆ.

ಮುಖಕ್ಕೆ ವಯೆಹೊ ಬಿಟ್ಟು ಬೇರೆ ಬೇಡ. ಹಾಲಿನಷ್ಟು ತೆಳುವಾಗಿ ನೀರು ಬೆರೆಸಿ, ಪದರದ ಮೇಲೆ ಪದರ ಎಳೆದರೆ ಕೆನ್ನೆಯ ಕೆಂಪು, ಕಣ್ಣಿನ ಕೆಳಗಿನ ನೆರಳು ನಿಧಾನವಾಗಿ ಮೂಡುತ್ತವೆ. ಒಣಗಿದ ಪದರವನ್ನು ಮೇಲಿನ ನೀರು ಕದಲಿಸುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಕುಂಚದ ತುದಿಯಲ್ಲೇ ಒಣಗುತ್ತದೆ. ಟಿಫನ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಬಟರ್ ಪೇಪರ್ ಹಾಸಿ ಬಣ್ಣ ಇಟ್ಟರೆ ಮುಚ್ಚಳ ಮುಚ್ಚಿ ನಾಳೆಗೂ ಉಳಿಸಿಕೊಳ್ಳಬಹುದು.

ಆಲ್ಕೊಹಾಲ್ ಅಕ್ರಿಲಿಕ್ ಸ್ಪ್ರೇಗೆ ಹೇಳಿ ಮಾಡಿಸಿದ್ದು, ಕುಂಚಕ್ಕಲ್ಲ. ಎರಡನೇ ಪದರ ಮೊದಲನೆಯದನ್ನು ಕರಗಿಸಿ ಎಳೆದುಕೊಂಡು ಬರುತ್ತದೆ. ರಿಟಾರ್ಡರ್ (ಬಣ್ಣ ಬೇಗ ಒಣಗದಂತೆ ತಡೆಯುವ ದ್ರವ) ಬೆರೆಸಿದರೆ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಗುಂಡಿ, ಬಕಲ್ ತರದ ಒಂದೇ ಏಟಿನ ಕೆಲಸಕ್ಕೆ ಇರಲಿ.

ಎನಾಮೆಲ್‌ನದು ಸೋಮಾರಿ ಸ್ವಭಾವ. ಅದೇ ಅದರ ಗುಣ. ತಡವಾಗಿ ಒಣಗುವುದರಿಂದ ಕುಂಚದ ಗೆರೆಗಳು ತಾವಾಗಿಯೇ ಸಮನಾಗುತ್ತವೆ. ಸೈನಿಕನ ಉದ್ದ ಕೋಟಿನ ಬೆನ್ನು ಇದರಲ್ಲೇ ಚೆನ್ನಾಗಿ ಬಂತು. ಬೂಟಿನ ಕಂದು ಹಸಿಯಿರುವಾಗಲೇ ಕಪ್ಪನ್ನು ಅಂಚಿನಲ್ಲಿ ಬೆರೆಸಿದರೆ ಸವೆದ ಚರ್ಮವೇ ಸರಿ. ಆದರೆ ರಾತ್ರಿಯಿಡೀ ಕಾಯಬೇಕು, ಧೂಳು ಕೂರದಂತೆ ಬೊಂಬೆಯ ಮೇಲೆ ಖಾಲಿ ಡಬ್ಬಿ ಬೋರಲು ಹಾಕಬೇಕು, ಟರ್ಪೆಂಟೈನ್ ವಾಸನೆಗೆ ಮನೆಯವರ ಗೊಣಗಾಟ ಬೇರೆ.

ನನ್ನ ಆಯ್ಕೆ: ಮುಖ, ಕೈಗೆ ವಯೆಹೊ, ಕೋಟು, ಬೂಟಿಗೆ ಎನಾಮೆಲ್. ಇನ್ನು 000 ನಂಬರಿನ ಅತಿ ಸಣ್ಣ ಕುಂಚಕ್ಕೆ ಮರುಳಾಗಬೇಡಿ. ಅದರ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ. ಚೂಪು ತುದಿಯ 1 ನಂಬರಿನ ಸೇಬಲ್ (ಪ್ರಾಣಿಯ ಮೃದು ಕೂದಲಿನ) ಕುಂಚದಲ್ಲಿ ಕಣ್ಣಿನ ರೆಪ್ಪೆಯನ್ನೂ ಬರೆಯಬಹುದು.