ಪಿಎಚ್‌ಪಿಗೆ ಜಿಡಿ: ಸಿದ್ಧ ಪ್ಯಾಕೇಜೋ, ಮೂಲದಿಂದ ಕಂಪೈಲೋ?

ಇಳಕಲ್ ಸೀರೆಗಳ ಚಿತ್ರಗಳನ್ನು ಚಿಕ್ಕದಾಗಿಸಿ ತೋರಿಸುವ ಜಾಲತಾಣವನ್ನು ಬಾಗಲಕೋಟೆಯಿಂದ ನಡೆಸುವವರಿಗೆ ಜಾಲತಾಣ ಬರೆಯುವ ಭಾಷೆಯಾದ ಪಿಎಚ್‌ಪಿಗೆ ಚಿತ್ರಗಳನ್ನು ನಿಭಾಯಿಸುವ ಶಕ್ತಿ ಕೊಡುವ ಜಿಡಿ ಎಂಬ ವಿಸ್ತರಣೆ ಬೇಕು. ಇದಕ್ಕೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಸಿದ್ಧ ಪ್ಯಾಕೇಜೇ ಬಹುತೇಕ ಸಾಕು; ಅದರ ಭದ್ರತಾ ತಿದ್ದುಪಡಿಗಳು ವ್ಯವಸ್ಥೆಯ ನವೀಕರಣದೊಂದಿಗೇ ಬರುತ್ತವೆ.

ಮೂಲದಿಂದ ಕಂಪೈಲ್ ಮಾಡುವಾಗ, ಎಂದರೆ ಪಿಎಚ್‌ಪಿಯನ್ನು ಅದರ ಮೂಲಸಂಕೇತದಿಂದ ನಾವೇ ಕಟ್ಟಿಕೊಳ್ಳುವಾಗ, ಆಯ್ಕೆಯೂ ಹೊಣೆಯೂ ನಮ್ಮವೇ. ಪಿಎಚ್‌ಪಿ 7.4ನೇ ಆವೃತ್ತಿಯಿಂದ, ಕಟ್ಟುವ ಮುನ್ನ ಆಯ್ಕೆಗಳನ್ನು ಹೊಂದಿಸುವ ‘ಕಾನ್ಫಿಗರ್’ ಆದೇಶಕ್ಕೆ ‘ವಿತ್-ಜಿಡಿ’ ಬದಲು ‘ಎನೇಬಲ್-ಜಿಡಿ’ ಎಂದು ಕೊಡಬೇಕು. ಜೆಪೆಗ್ ಮತ್ತು ವೆಬ್‌ಪಿ ಚಿತ್ರರೂಪಗಳನ್ನು, ಚಿತ್ರದ ಮೇಲೆ ಅಕ್ಷರ ಮೂಡಿಸುವ ಫ್ರೀಟೈಪನ್ನು ಬೇರೆಬೇರೆಯಾಗಿ ಕೇಳದಿದ್ದರೆ, ಜಿಡಿ ಇದ್ದೂ ಜೆಪೆಗ್ ತೆರೆಯದ ಪೇಚು ಎದುರಾಗುತ್ತದೆ. ಕಂಪೈಲ್ ಮಾಡಲು ಬೇಕಾದ ಕಡತಗಳಿರುವ ಅವುಗಳ ‘ಡೆವ್’ ಪ್ಯಾಕೇಜುಗಳು, ಪಿಎನ್‌ಜಿ ಚಿತ್ರಗಳಿಗಾಗಿನ ಲಿಬ್‌ಪಿಎನ್‌ಜಿ ಮತ್ತು ದತ್ತಾಂಶ ಕುಗ್ಗಿಸುವ ಜೆಡ್‌ಲಿಬ್‌ಗಳದ್ದೂ ಸೇರಿ, ಮೊದಲೇ ಇರಬೇಕು. ಹಳೆಯ ‘ಜೆಪೆಗ್-ಡಿರ್’ ಬಗೆಯ ಆಯ್ಕೆಗಳನ್ನು ನಕಲಿಸಿದರೆ ‘ಕಾನ್ಫಿಗರ್’ ಬರಿಯ ಎಚ್ಚರಿಕೆ ಕೊಟ್ಟು ಮುಂದೆ ಸಾಗುತ್ತದೆ. ಗದರಿಸಿ ನಿಲ್ಲಿಸಿದ್ದರೇ ಒಳ್ಳೆಯದಿತ್ತು.

ಸರ್ವರಿನ ಪಿಎಚ್‌ಪಿ ಹಳೆಯದಾಗಿದ್ದು, 8.1ರಲ್ಲಿ ಬಂದ ಎವಿಐಎಫ್ ಎಂಬ ಚಿತ್ರರೂಪದ ಬೆಂಬಲ ಬೇಕೇಬೇಕೆನ್ನುವವರು ಈ ದಾರಿ ಹಿಡಿಯಬಹುದು. ಆದರೆ ಪ್ರತಿ ಭದ್ರತಾ ತಿದ್ದುಪಡಿಗೂ ಅವರು ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ.